ಟೀಗೆ ಹಾಕಿದ್ದೂ ಲೆಕ್ಕಕ್ಕೆ ಬರುತ್ತಾ ಮೇಡಂ?

ದಿನಕ್ಕೆ ಎಷ್ಟು ಹಾಲು ಕುಡಿಯಬೇಕು ಅನ್ನುವುದಕ್ಕೆ ಈಗ ಅಧಿಕೃತ ಉತ್ತರವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರು ಏನು ಉಣ್ಣಬೇಕೆಂದು ಹದಿನೇಳು ಸೂತ್ರ ಹೊರಡಿಸಿತು. ಜೊತೆಗೆ ಒಂದು ತಟ್ಟೆಯ ಚಿತ್ರ. ಸೊಪ್ಪು, ತರಕಾರಿ, ಹಣ್ಣು, ಬೇಳೆಕಾಳು, ಎಣ್ಣೆಬೀಜ ಎಲ್ಲಕ್ಕೂ ಅದರಲ್ಲಿ ಸೀಟು ಕಾದಿರಿಸಲಾಗಿದೆ. 2,000 ಕ್ಯಾಲೊರಿ ಉಣ್ಣುವ ಒಬ್ಬರ ಪಾಲಿಗೆ ಹಾಲು ಅಥವಾ ಮೊಸರು 300 ಮಿಲಿ. ಚಿತ್ರ ಬಹಳ ಚೆನ್ನಾಗಿದೆ. ಆ ತಟ್ಟೆಯನ್ನು ಇಡುವಷ್ಟು ಅಗಲದ ಅಡುಗೆಕಟ್ಟೆ ಬೆಂಗಳೂರಿನ ಲಗ್ಗೆರೆಯ ಬಾಡಿಗೆ ಮನೆಗಳಲ್ಲಿ ಇಲ್ಲ ಅನ್ನುವುದು ಚಿತ್ರಕಾರರ ತಪ್ಪಲ್ಲ.

ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು. ತಲೆಗೆ 300ರಂತೆ ಒಂದು ಲೀಟರ್ 200 ಮಿಲಿ. ನಂದಿನಿ ನೀಲಿ ಪ್ಯಾಕೆಟ್ಟಿಗೆ 2025ರ ಏಪ್ರಿಲ್‌ನಿಂದ ಲೀಟರಿಗೆ 46 ರೂಪಾಯಿ. ದಿನಕ್ಕೆ 55, ತಿಂಗಳಿಗೆ 1,650ರ ಮೇಲೆ. ಇನ್ನೂ ಗ್ಯಾಸ್ ಬಂದಿಲ್ಲ, ಬಾಡಿಗೆ ಬಂದಿಲ್ಲ, ಸ್ಕೂಲಿನವರ ಮೆಸೇಜು ಬಂದಿಲ್ಲ. ಪಕ್ಕದ ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರು ಕೂರಿಸುವ ಹೆಂಗಸಿಗೆ ಈ ಲೆಕ್ಕ ಹೇಳಿದರೆ, ಪೋಷಣಾ ಸಂಸ್ಥೆಯವರೆಲ್ಲ ಸ್ವಂತ ಮನೆಯವರಿರಬೇಕು ಅಂದುಕೊಂಡು ಸುಮ್ಮನಾಗುತ್ತಾಳೆ.

ಲಗ್ಗೆರೆಯಲ್ಲಿ ಹಾಲಿನ ಅಳತೆ ತಲೆಯ ಮೇಲಿಲ್ಲ, ಪ್ಯಾಕೆಟ್ಟಿನ ಮೇಲಿದೆ. ಮನೆಗೊಂದು ಅರ್ಧ ಲೀಟರ್ ನೀಲಿ. ಮನೆಯಲ್ಲಿ ಮೂವರಿದ್ದರೂ ಅರ್ಧ, ಊರಿಂದ ಭಾವಮೈದ ಬಂದು ಐವರಾದರೂ ಅರ್ಧ. ಹೆಚ್ಚಾಗುವುದು ನೀರು. ಬೆಳಗಿನ ಜಾವ ಬೂತಿನ ಮುಂದೆ ಕ್ರೇಟುಗಳು ಇಳಿಯುತ್ತವೆ. ಫಸ್ಟ್ ಶಿಫ್ಟಿನವರು ಹೊರಡುವ ಮುಂಚೆ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿಯುತ್ತಾರೆ. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಖಾಲಿ ಪ್ಯಾಕೆಟ್ಟಿನೊಳಕ್ಕೆ ನಲ್ಲಿ ನೀರು ಬಿಟ್ಟು, ಬಾಯಿ ಬಿಗಿಹಿಡಿದು ನಾಲ್ಕು ಸಲ ಕುಲುಕಿ, ಆ ಬೆಳ್ಳನೆ ನೀರನ್ನೂ ಪಾತ್ರೆಗೇ ಬಗ್ಗಿಸಬೇಕು. ಪ್ಯಾಕೆಟ್ಟಿನ ಗೋಡೆಗೆ ಅಂಟಿದ ಆ ಒಂದು ಚಮಚ ಹಾಲನ್ನು ಡೈರಿಯವರಿಗೆ ಬಿಟ್ಟುಕೊಟ್ಟ ಗೃಹಿಣಿ ಈ ಬಡಾವಣೆಯಲ್ಲಿ ಇನ್ನೂ ಹುಟ್ಟಿಲ್ಲ.

ಕಾದ ಹಾಲಿನಲ್ಲಿ ಮೊದಲ ಪಾಲು ಶಿಫ್ಟಿಗೆ ಹೊರಟ ಗಂಡಿನ ಟೀಗೆ. ಎರಡನೆಯದು ಚಿಕ್ಕ ಮಗುವಿನ ಲೋಟಕ್ಕೆ. ಅದರೊಳಕ್ಕೆ ಎರಡು ಚಮಚ ಚಾಕ್ಲೇಟ್ ಬಣ್ಣದ ಪುಡಿ. ಈ ಪುಡಿಗಳ ಕಥೆಯೂ ಸೊಗಸಾಗಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಪತ್ರ ಬರೆದು, ಇವನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದಿತು. ಪಟ್ಟಿಯಿಂದ ತೆಗೆದರು. ಲೋಟದಿಂದ ತೆಗೆಯಿರಿ ಎಂದು ಯಾರೂ ಹೇಳಲಿಲ್ಲವಾಗಿ ಪುಡಿ ಅಲ್ಲೇ ಇದೆ, ಸಕ್ಕರೆಯೂ ಅದರ ಜೊತೆಗೇ ಇದೆ. ಮೂರನೆಯ ಪಾಲು ಸಂಜೆ ಟೀಗೆ. ನಾಲ್ಕನೆಯದು ಅಂತ ಏನಾದರೂ ಉಳಿದರೆ ಹೆಪ್ಪಿಗೆ. ಪಾಲು ಹಂಚಿದವಳ ಪಾಲು ಎಲ್ಲಿ ಅಂತ ಕೇಳಬೇಡಿ. ಅವಳು ಪಾತ್ರೆ ತೊಳೆಯುವ ಮುಂಚೆ ತಳದ ಕೆನೆಯನ್ನು ಬೆರಳಿನಿಂದ ಬಳಿದಿರುತ್ತಾಳೆ. ಪೋಷಣಾ ಸಂಸ್ಥೆಯ ಅಳತೆಯಲ್ಲಿ ಅದು ಬರುವುದಿಲ್ಲ.

ಹೀಗಿರುವಾಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಹಿಳಾ ದಿನದ ಅಂಗವಾಗಿ ಪೌಷ್ಟಿಕ ಆಹಾರದ ಮೇಲೆ ಭಾಷಣ ಏರ್ಪಾಡಾಯಿತು. ಊಟದ ಅರ್ಧ ಗಂಟೆಯಲ್ಲಿ ಕಾಲು ಗಂಟೆ ಕತ್ತರಿಸಿ ಕೊಟ್ಟ ಪೌಷ್ಟಿಕತೆ ಅದು. ಬಂದ ಡಯಟಿಷಿಯನ್ ಮೇಡಂ ಒಳ್ಳೆಯವರು, ಲ್ಯಾಪ್‌ಟಾಪಿನಲ್ಲಿ ಅದೇ ತಟ್ಟೆಯ ಚಿತ್ರ ತಂದಿದ್ದರು. ‘ಫುಲ್ ಫ್ಯಾಟ್ ಬೇಡ, ಲೋ ಫ್ಯಾಟ್ ತಗೊಳ್ಳಿ. ಡೈಲಿ ತ್ರೀ ಹಂಡ್ರೆಡ್ ಎಂಎಲ್ ಮಿಸ್ ಮಾಡ್ಬೇಡಿ. ಪನೀರ್ ಇನ್‌ಕ್ಲೂಡ್ ಮಾಡಿ, ಗ್ರೀಕ್ ಯೋಗರ್ಟ್ ಟ್ರೈ ಮಾಡಿ’ ಎಂದರು. ಕೊನೆಗೆ, ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬಾಕೆ ಕೈ ಎತ್ತಿದಳು.

‘ಮೇಡಂ, ಟೀಗೆ ಹಾಕಿದ್ದೂ ಲೆಕ್ಕಕ್ಕೆ ಬರುತ್ತಾ?’

ಮೇಡಂ ನಕ್ಕರು. ‘ಟೀ ಆದಷ್ಟು ಕಮ್ಮಿ ಮಾಡಿ ಅಮ್ಮ’ ಅಂದರು. ಆಮೇಲೆ ಬೆಲ್ ಹೊಡೆಯಿತು.

ಸಲಹೆ ಸರಿಯಾದದ್ದೇ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ ಕಾಫಿ ಬೇಡ ಎಂದು ಅದೇ ಪೋಷಣಾ ಸಂಸ್ಥೆಯ ಸೂತ್ರಗಳೂ ಹೇಳುತ್ತವೆ. ಟೀಯಲ್ಲಿರುವ ಟ್ಯಾನಿನ್ನು ಊಟದ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಕೊಟ್ಟಿದೆ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಟೀ ಬಂದು ಇದ್ದ ಕಬ್ಬಿಣಕ್ಕೂ ಕಲ್ಲು ಹಾಕುತ್ತದೆ. ಎಲ್ಲ ನಿಜ. ಒಂದೇ ತೊಂದರೆ. ಲಗ್ಗೆರೆಯ ಹೆಂಗಸಿನ ಹೊಟ್ಟೆಗೆ ಹಾಲು ಹೋಗುವ ದಾರಿ ಇರುವುದೇ ಟೀ ಒಂದು. ಅದನ್ನೂ ಮುಚ್ಚಿದರೆ ತಟ್ಟೆಯ ಚಿತ್ರದಲ್ಲಿ ಉಳಿಯುವುದು 300 ಅನ್ನುವ ಸಂಖ್ಯೆ, ಬಾಯಿಗೆ ಬರುವುದು ಬರೀ ಸೊನ್ನೆ.

ಇನ್ನು ಕೊಬ್ಬು ಕಡಿಮೆ ಮಾಡಿ ಅನ್ನುವ ಉಪದೇಶ. ನೀಲಿ ಪ್ಯಾಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಅಂಕಿಗಳಿರುತ್ತವೆ: ಫ್ಯಾಟ್ 3.0, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5. ಹಾಲಿನ ಬಗ್ಗೆ ಬೆಂಗಳೂರಿನಲ್ಲಿ ಸಿಗುವ ಬರಹಗಳಲ್ಲಿ ನಾನು ಪೂರ್ತಿ ನಂಬುವುದು ಈ ಎರಡನ್ನೇ. ಕಿತ್ತಳೆ ಪ್ಯಾಕೆಟ್ಟಿನ ಶುಭಂಗೆ ಕೊಬ್ಬು 4.5, ಸಮೃದ್ಧಿಗೆ 6. ಅಂದರೆ ಹೃದ್ರೋಗ ತಜ್ಞರು ಜಯನಗರದವರಿಗೆ ಹೇಳಿ ಹೇಳಿ ಸೋತ ಪಥ್ಯವನ್ನು ಲಗ್ಗೆರೆ ಯಾರ ಬಾಯಲ್ಲೂ ಹೇಳಿಸಿಕೊಳ್ಳದೆ ಎಷ್ಟೋ ವರ್ಷದಿಂದ ಪಾಲಿಸುತ್ತಿದೆ. ಹೀಗೆ ಕೊಬ್ಬಿಳಿಸಿದ ಹಾಲಿಗೆ ದೊಡ್ಡ ಇತಿಹಾಸವೇ ಇದೆ. 1940ರ ದಶಕದಲ್ಲಿ ಮುಂಬೈನ ಹಾಲು ಸರಬರಾಜು ನೋಡಿಕೊಳ್ಳುತ್ತಿದ್ದ ದಾರಾ ಖುರೋಡಿ, ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರು ಬೆರೆಸಿ, ಕೊಬ್ಬು ಇಳಿಸಿ ಪ್ರಮಾಣ ಏರಿಸುವ ಉಪಾಯ ಕಂಡುಹಿಡಿದರು. ‘ಟೋನ್ಡ್’ ಹಾಲು ಬಂದದ್ದು ಹಾಗೆ, ನಗರದ ಬಡವನಿಗೆ ಕೈಗೆಟುಕುವ ಹಾಲು ಕೊಡಲು. 1963ರಲ್ಲಿ ಅಮುಲ್‌ನ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಖುರೋಡಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪುಣ್ಯಾತ್ಮ ಪ್ರಾಮಾಣಿಕವಾಗಿ ಬೆರೆಸಿದ್ದನ್ನು ಪ್ರಾಮಾಣಿಕವಾಗಿಯೇ ಹೇಳಿದರು. ಮನೆಯಲ್ಲಿ ಅದಕ್ಕೆ ಮತ್ತೊಂದು ಸುತ್ತು ನೀರು ಬೆರೆಸುವವರಿಗೆ ಪ್ರಶಸ್ತಿ ಇನ್ನೂ ಬಂದಿಲ್ಲ.

ತೆಗೆದ ಕೊಬ್ಬು ಎಲ್ಲಿ ಹೋಯಿತು ಅಂದರೆ, ಅದು ಅದೇ ಬೂತಿನ ಗಾಜಿನ ಕಪಾಟಿನಲ್ಲಿ ತುಪ್ಪವಾಗಿ ಕೂತಿದೆ. 2025ರ ಸೆಪ್ಟೆಂಬರ್ 22ರಂದು ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610ಕ್ಕೆ ಬಂತು, ಪತ್ರಿಕೆಗಳಲ್ಲಿ ಹಬ್ಬದ ಉಡುಗೊರೆ ಎಂದು ಬರೆದರು. ನವೆಂಬರ್ ಬರುತ್ತಿದ್ದಂತೆ 700 ಆಯಿತು. ಉಡುಗೊರೆ ಎರಡು ತಿಂಗಳೂ ತಡೆಯಲಿಲ್ಲ. ಹಬ್ಬವಂತೂ ಮುಗಿದಿತ್ತಲ್ಲ.

ಉಡುಗೊರೆ ವಾಪಸ್ ಪಡೆಯುವುದರಲ್ಲಿ ನಮ್ಮ ಹಾಲಿನ ಆಡಳಿತಕ್ಕೆ ವಿಶೇಷ ಪರಿಣತಿಯಿದೆ. 2024ರ ಜೂನ್‌ನಲ್ಲಿ ರಾಜ್ಯದಲ್ಲಿ ದಿನದ ಹಾಲು ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. ಇಷ್ಟು ಹಾಲು ಬಂದರೆ ಏನು ಮಾಡುವುದು? ಪ್ರತಿ ಪ್ಯಾಕೆಟ್ಟಿಗೂ 50 ಮಿಲಿ ಜಾಸ್ತಿ ತುಂಬಿ ಎರಡು ರೂಪಾಯಿ ಏರಿಸಿದರು. ಇದು ಬೆಲೆ ಏರಿಕೆಯಲ್ಲ, ಹೆಚ್ಚು ಹಾಲಿಗೆ ಹೆಚ್ಚು ದುಡ್ಡು ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಹೆಚ್ಚು ಹಾಲು ಬೇಕು ಎಂದು ಲಗ್ಗೆರೆಯಲ್ಲಿ ಯಾರೂ ಅರ್ಜಿ ಹಾಕಿರಲಿಲ್ಲ, ಬಲವಂತದ ಪೌಷ್ಟಿಕತೆ. ಅರ್ಧ ಲೀಟರಿನ ಪ್ಯಾಕೆಟ್ಟು 550 ಮಿಲಿಯಾಗಿ 22ರಿಂದ 24 ಆಯಿತು. ಹತ್ತು ತಿಂಗಳು ತುಂಬುವ ಮುಂಚೆ, 2025ರ ಏಪ್ರಿಲ್ ಒಂದನೇ ತಾರೀಕು (ದಿನ ನೋಡಿ ಆರಿಸಿದ್ದಾರೆ) ಆ 50 ಮಿಲಿಯನ್ನು ವಾಪಸ್ ತೆಗೆದುಕೊಂಡರು. ಪ್ಯಾಕೆಟ್ಟು ಮತ್ತೆ 500 ಆಯಿತು. 24 ಮಾತ್ರ 24 ಆಗಿಯೇ ಉಳಿಯಿತು. ಹೆಚ್ಚಿದ ದುಡ್ಡು ರೈತರಿಗೆ ಎಂದರು, ಆದ್ದರಿಂದ ಗೊಣಗುವುದಕ್ಕೂ ನಾಚಿಕೆ. ಲಗ್ಗೆರೆಯಲ್ಲಿ ಅರ್ಧಕ್ಕರ್ಧ ಜನರ ಅಪ್ಪ ಅಮ್ಮ ಆ ರೈತರೇ.

ಇದಕ್ಕಿಂತ ನನಗೆ ಇಷ್ಟವಾದದ್ದು 2022ರ ಜುಲೈ. ಪ್ಯಾಕೆಟ್ ಮಾಡಿದ ಮೊಸರು, ಮಜ್ಜಿಗೆ, ಲಸ್ಸಿಗೆ ಮೊದಲ ಸಲ ಶೇ 5 ಜಿಎಸ್‌ಟಿ ಬಿತ್ತು. 200 ಗ್ರಾಂ ಮೊಸರು ಹತ್ತರಿಂದ ಹನ್ನೆರಡಕ್ಕೆ ಏರಿತು. ಜನ ಗಲಾಟೆ ಮಾಡಿದರು. ನಂದಿನಿಯನ್ನು ಮಾರುವ ಹಾಲು ಒಕ್ಕೂಟ ಕೆಎಂಎಫ್ ಮನಸ್ಸು ಕರಗಿ ಹತ್ತೂವರೆ ರೂಪಾಯಿಗೆ ಇಳಿಸಿತು. ಐವತ್ತು ಪೈಸೆಯ ನಾಣ್ಯವನ್ನು ಬೆಂಗಳೂರು ಕೊನೆಯ ಬಾರಿ ಯಾವಾಗ ನೋಡಿತ್ತೋ ದೇವರಿಗೇ ಗೊತ್ತು. ಅಂಗಡಿಯಾತ ಹನ್ನೊಂದು ತೆಗೆದುಕೊಂಡು ‘ಚಿಲ್ಲರೆ ಇಲ್ಲ ಅಕ್ಕ, ಚಾಕ್ಲೇಟ್ ತಗೊಳ್ಳಿ’ ಅನ್ನುತ್ತಿದ್ದ. ಮೊಸರಿನ ಮೇಲಿನ ತೆರಿಗೆ ಹೀಗೆ ಮಕ್ಕಳ ಹಲ್ಲಿಗೆ ವರ್ಗಾವಣೆಯಾಯಿತು.

ರಿಂಗ್ ರೋಡಿನಲ್ಲಿ ಲಗ್ಗೆರೆ ದಾಟಿ ಗೊರಗುಂಟೆಪಾಳ್ಯದ ಕಡೆ ಹೊರಟರೆ ಕಂಠೀರವ ಸ್ಟುಡಿಯೊ ಸಿಗುತ್ತದೆ. ಅಲ್ಲಿ ಮಲಗಿರುವ ರಾಜ್‌ಕುಮಾರ್ ನಂದಿನಿ ಹಾಲಿನ ಜಾಹೀರಾತಿಗೆ ಕಾಸು ಮುಟ್ಟಲಿಲ್ಲ. ಅಲ್ಲೇ ಇರುವ ಪುನೀತ್ ಕೂಡ ಮುಟ್ಟಲಿಲ್ಲ. ಹಾಲಿನ ಹೆಸರಿನಲ್ಲಿ ಏನೂ ತೆಗೆದುಕೊಳ್ಳದವರ ಪಟ್ಟಿ ಬರೆಯಲು ಕೂತರೆ ಈ ಇಬ್ಬರಾದ ಮೇಲೆ ಪೆನ್ನು ತಡವರಿಸುತ್ತದೆ. ಲಗ್ಗೆರೆಗೆ ಅಂಟಿಕೊಂಡೇ ನಂದಿನಿ ಲೇಔಟ್ ಎಂಬ ಬಡಾವಣೆಯೂ ಇದೆ. ಹೆಸರು ಕೇಳಿ ಅಲ್ಲಿ ಹಾಲು ಅಗ್ಗ ಅಂದುಕೊಳ್ಳಬೇಡಿ. ಅಲ್ಲಿ ಕೆನೆ ಕಟ್ಟಿರುವುದು ಸೈಟಿನ ರೇಟು.

ತೆಗೆದುಕೊಂಡವರ ಪಟ್ಟಿಯಲ್ಲಿ ಮೊದಲ ಹೆಸರು ರಾಜಕೀಯದ್ದು. ಗುಜರಾತಿನ ಅಮುಲ್ ಹಾಲು ಮೊಸರು ಬೆಂಗಳೂರಿಗೆ ಬರಲಿದೆ ಎಂದು 2023ರ ಏಪ್ರಿಲ್‌ನಲ್ಲಿ ಪ್ರಕಟವಾದಾಗ ವಿಧಾನಸಭೆ ಚುನಾವಣೆಗೆ ಒಂದು ತಿಂಗಳಿತ್ತು. ಆ ತಿಂಗಳು ಹಾಲು ನಮ್ಮಲ್ಲಿ ಆಹಾರವಾಗಿರಲೇ ಇಲ್ಲ, ಬಾವುಟವಾಗಿತ್ತು. ಪ್ಯಾಕೆಟ್ ಹಿಡಿದು ಫೋಟೊ ತೆಗೆಸಿಕೊಳ್ಳದ ನಾಯಕನಿಗೆ ಟಿಕೆಟ್ ಸಿಗುವುದೇ ಕಷ್ಟ ಅನ್ನುವ ವಾತಾವರಣ. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನಲ್ಲದೆ ಬೇರೆ ಮುಟ್ಟುವುದಿಲ್ಲ ಎಂದಿತು. ಹಾಲಿಗಾಗಿ ಎದೆ ಬಡಿದುಕೊಂಡವರಲ್ಲಿ ಎಷ್ಟು ಜನ ಬ್ಲ್ಯಾಕ್ ಕಾಫಿ ಕುಡಿಯುವವರೋ, ನನಗೆ ತಿಳಿಯುವ ಕುತೂಹಲವಿದೆ. ಎರಡು ವರ್ಷ ಕಳೆದು, 2025ರ ಜೂನ್‌ನಲ್ಲಿ ನಮ್ಮ ಮೆಟ್ರೊ ಹತ್ತು ನಿಲ್ದಾಣಗಳಲ್ಲಿ ಮಳಿಗೆ ಇಡಲು ಅಮುಲ್‌ಗೇ ಜಾಗ ಕೊಟ್ಟಿದ್ದು ಬಯಲಾಯಿತು. ಮತ್ತೆ ಗಲಾಟೆ. ಟೆಂಡರಿಗೆ ಅರ್ಜಿ ಹಾಕಿದ್ದು ಅಮುಲ್ ಒಂದೇ, ಕೆಎಂಎಫ್ ಹಾಕಿರಲೇ ಇಲ್ಲ ಎಂದು ಉಪಮುಖ್ಯಮಂತ್ರಿಯೇ ವಿವರಿಸಬೇಕಾಯಿತು. ಇಷ್ಟರ ನಡುವೆ, 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಂದಿನಿ ಪ್ರಾಯೋಜಕತ್ವ ಕೊಟ್ಟಿತ್ತು. ಎಡಿನ್‌ಬರಾದ ಬೌಲರ್ ಅಂಗಿಯ ಮೇಲೆ ನಂದಿನಿ ಓಡಾಡಿದಳು. ಮೆಟ್ರೊ ಸ್ಟೇಷನ್ನಿಗೆ ಅರ್ಜಿ ಹಾಕಲು ಪುರುಸೊತ್ತಾಗದ್ದು ಸಹಜ.

ಎರಡನೆಯ ಹೆಸರು ಶುದ್ಧತೆಯದ್ದು. ಬೆಂಗಳೂರಿನ ಪಡುವಣದಲ್ಲಿ ಹಾಲು ಪ್ಯಾಕೆಟ್ಟಿನಲ್ಲಿ ಬಂದರೆ, ಮೂಡಣದ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೆ ಗಾಜಿನ ಬಾಟಲಿಯಲ್ಲಿ ಬರುತ್ತದೆ, ಲೀಟರಿಗೆ ನೂರರ ಮೇಲೆ, ‘ಎ2’ ಎಂಬ ಬಿರುದಿನೊಂದಿಗೆ. ವಿಷಯ ಇಷ್ಟು: ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಸರಪಳಿಯಲ್ಲಿ 67ನೇ ಕೊಂಡಿ ಒಂದು ಬಗೆಯ ಹಸುವಿನಲ್ಲಿ ಪ್ರೋಲಿನ್ (ಇದೇ ಎ2), ಇನ್ನೊಂದರಲ್ಲಿ ಹಿಸ್ಟಿಡಿನ್ (ಅದು ಎ1). ನಮ್ಮ ಹಳ್ಳಿಕಾರ್, ಮಲೆನಾಡು ಗಿಡ್ಡಗಳು ಬಹುಪಾಲು ಮೊದಲ ಬಗೆಯವು. ಈ ಒಂದು ಕೊಂಡಿಯ ವ್ಯತ್ಯಾಸಕ್ಕೆ ಲೀಟರಿಗೆ ಐವತ್ತು ಅರವತ್ತು ರೂಪಾಯಿ ಹೆಚ್ಚು ಕೊಡಬಹುದೇ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟ್ 21ರಂದು, ಎ1 ಎ2 ಎಂದು ಪ್ಯಾಕೆಟ್ಟಿನ ಮೇಲೆ ಬರೆಯುವುದು ದಾರಿ ತಪ್ಪಿಸುವ ಕೆಲಸ, ತೆಗೆಯಿರಿ ಎಂದು ಆದೇಶಿಸಿತು. ಆಗಸ್ಟ್ 26ರಂದು ಆದೇಶವನ್ನೇ ವಾಪಸ್ ತೆಗೆದುಕೊಂಡಿತು. ಐದು ದಿನ. ನಮ್ಮ ಫ್ರಿಜ್ಜಿನಲ್ಲಿ ಹಾಲು ಕೂಡ ಹೆಚ್ಚು ಕಡಿಮೆ ಅಷ್ಟೇ ದಿನ ನಿಲ್ಲುತ್ತದೆ.

ಮೂರನೆಯದು ಪ್ರೋಟೀನಿನದ್ದು. ಹಾಲು ಒಡೆದು ಪನೀರ್, ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರಿಗೆ ಈಗ ಹಾಲಿಗಿಂತ ಹೆಚ್ಚು ಮರ್ಯಾದೆ. ಅದರ ಪ್ರೋಟೀನನ್ನು ಬೇರ್ಪಡಿಸಿ ಒಣಗಿಸಿ ಡಬ್ಬಿಗೆ ತುಂಬಿದರೆ ವೇ ಪ್ರೋಟೀನ್. ರಾಜಗೋಪಾಲನಗರದ ಜಿಮ್ಮಿನ ಹುಡುಗರು ಕಂತಿನಲ್ಲಿ ಕೊಳ್ಳುತ್ತಾರೆ. ಪೋಷಣಾ ಸಂಸ್ಥೆಯ ಅದೇ ಸೂತ್ರಗಳು ಪ್ರೋಟೀನ್ ಪುಡಿಯ ಗೋಜಿಗೆ ಹೋಗಬೇಡಿ ಎಂದು ಹೇಳಿರುವುದು ಆ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ನಂದಿನಿಯೂ ಹಿಂದೆ ಬೀಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ವೇ ಪ್ರೋಟೀನ್ ಬೆರೆಸಿದ ಇಡ್ಲಿ ದೋಸೆ ಹಿಟ್ಟು ಬಿಡುಗಡೆಯಾಯಿತು, 450 ಗ್ರಾಂಗೆ 40 ರೂಪಾಯಿ. ಹಾಲು ಕೊಳ್ಳಲಾಗದಿದ್ದರೇನಂತೆ, ದೋಸೆಯ ಮೂಲಕ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಹಾಲಿನ ಪರವಾಗಿಯೂ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯ. 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದ ಅಂಶವಿದೆ, ಮೈಗೆ ಸುಲಭವಾಗಿ ಹತ್ತುವಂಥದ್ದು. ಮಾಂಸ ಮೊಟ್ಟೆ ಮುಟ್ಟದವರಿಗೆ ಬಿ12 ಸಿಗುವ ದಾರಿ ಹೆಚ್ಚು ಕಡಿಮೆ ಹಾಲು ಮೊಸರು ಮಾತ್ರ. ಹಾಗಂತ ಹಾಲೇ ಸರ್ವಸ್ವವಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ ಸುಣ್ಣ 1,000 ಮಿಲಿಗ್ರಾಂ. ಅರ್ಧ ಲೀಟರ್ ನಾಲ್ವರಿಗೆ ಹಂಚಿದರೆ ತಲೆಗೆ 150 ಬಂತು. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 360ರ ಆಸುಪಾಸು ಇದೆ. ಹಾಲಿನದ್ದು ಹತ್ತಿದಷ್ಟು ಸಲೀಸಾಗಿ ರಾಗಿಯದ್ದು ಮೈಗೆ ಹತ್ತುವುದಿಲ್ಲ ನಿಜ, ಆದರೂ ರಾತ್ರಿ ಒಂದು ಮುದ್ದೆ ನುಂಗಿದ ಮಾಗಡಿಯವನು ತನಗೆ ಗೊತ್ತಿಲ್ಲದೆಯೇ ಪೋಷಣಾ ಸಂಸ್ಥೆಯ ಮಾನ ಉಳಿಸುತ್ತಿದ್ದಾನೆ.

‘ನಂಗೆ ಹಾಲು ಆಗಲ್ಲ’ ಅನ್ನುವವರನ್ನು ನಖರಾ ಅಂತ ಬೈಯುವುದೂ ಬಿಡಬೇಕು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳೆತನ ಕಳೆದಂತೆ ಕಡಿಮೆಯಾಗುವುದು ಮನುಷ್ಯರಲ್ಲಿ ಮಾಮೂಲು. ದೊಡ್ಡವರಾದ ಮೇಲೂ ಅದನ್ನು ಉಳಿಸಿಕೊಂಡವರು ವಾಯವ್ಯ ಭಾರತದಲ್ಲಿ ಹೆಚ್ಚು, ನಮ್ಮ ದಕ್ಷಿಣದಲ್ಲಿ ಕಡಿಮೆ. ಪಂಜಾಬಿನವನು ದೊಡ್ಡ ಲೋಟ ಎತ್ತಿ ಮೀಸೆ ಒರೆಸಿಕೊಂಡದ್ದನ್ನು ಟೀವಿಯಲ್ಲಿ ನೋಡಿ ಲಗ್ಗೆರೆಯವನು ಎತ್ತಿದರೆ ಹೊಟ್ಟೆಯಲ್ಲಿ ಗುಡುಗು ಶುರುವಾಗುತ್ತದೆ. ಅದಕ್ಕೇ ನಮ್ಮವರು ಹಾಲಿಗೆ ಹೆಪ್ಪು ಹಾಕಿದರು. ಮೊಸರಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದು ಹುಳಿ ಮಾಡಿರುತ್ತವೆ, ಹೊಟ್ಟೆಗೆ ಕೆಲಸ ಕಡಿಮೆ. ಇನ್ನು ಮಜ್ಜಿಗೆ. ಬೆಣ್ಣೆ ತೆಗೆದ ಮೇಲೆ ಉಳಿಯುತ್ತಿದ್ದ ಮಜ್ಜಿಗೆಯನ್ನು ಊರಲ್ಲಿ ಯಾರೂ ಮಾರುತ್ತಿರಲಿಲ್ಲ, ಚೊಂಬು ಹಿಡಿದು ಬಂದವರಿಗೆ ಹಾಗೇ ಬಗ್ಗಿಸುತ್ತಿದ್ದರು. ಕೊಬ್ಬಿಲ್ಲ, ಸುಣ್ಣವಿದೆ, ಹೊಟ್ಟೆಗೆ ತಂಪು, ಪುಕ್ಕಟೆ. ಇಷ್ಟೆಲ್ಲ ಒಳ್ಳೆಯ ಗುಣ ಒಂದೇ ಕಡೆ ಸೇರಿದ್ದರಿಂದ ಅದಕ್ಕೆ ಪ್ಯಾಕೆಟ್ ಹೊಲಿಯಲೇಬೇಕಾಯಿತು.

ಸರ್ಕಾರಿ ಶಾಲೆಯ ಮಕ್ಕಳ ವಿಷಯದಲ್ಲಿ ನಾನು ವ್ಯಂಗ್ಯವಾಡುವುದಿಲ್ಲ. 2013ರ ಆಗಸ್ಟ್ ಒಂದರಂದು ಶುರುವಾದ ಕ್ಷೀರಭಾಗ್ಯ, ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಹಾಲು ಕೊಡುತ್ತದೆ. ಅದು ಹಾಲೇ, ಟೀಯಲ್ಲ. ಮನೆಯಲ್ಲಿ ತನ್ನ ಪಾಲಿಗೆ ಬರುವುದಕ್ಕಿಂತ ಹೆಚ್ಚು ಹಾಲನ್ನು ಮಗು ಶಾಲೆಯಲ್ಲಿ ಕುಡಿಯುತ್ತದೆ. ಆದರೆ ಲಗ್ಗೆರೆಯ ಅಪ್ಪ ಅಮ್ಮ ಹೊಟ್ಟೆಬಟ್ಟೆ ಕಟ್ಟಿ ಮಗುವನ್ನು ಸೇರಿಸುವುದು ಇಂಗ್ಲಿಷ್ ಮೀಡಿಯಂ ಕಾನ್ವೆಂಟಿಗೆ. ಅಲ್ಲಿ ಫೀಸು ಇದೆ, ಟೈ ಇದೆ, ಹಾಲಿಲ್ಲ. ‘ಮಿಲ್ಕ್’ ಅನ್ನುವುದರ ಸ್ಪೆಲ್ಲಿಂಗ್ ಮಾತ್ರ ತಪ್ಪದೆ ಹೇಳಿಕೊಡುತ್ತಾರೆ.

ಇನ್ನು ಈ ಹಾಲು ಬರುವುದಾದರೂ ಎಲ್ಲಿಂದ? ಮಾಗಡಿ, ಕನಕಪುರ, ನೆಲಮಂಗಲದ ಹಳ್ಳಿಗಳಿಂದ, ಎಂದರೆ ಇವರದ್ದೇ ಊರುಗಳಿಂದ. ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ರಾಜ್ಯದ ಮೊದಲ ಹಾಲಿನ ಸಹಕಾರ ಸಂಘ ಶುರುವಾಗಿ, 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಬೆಂಗಳೂರು ಡೈರಿ ಉದ್ಘಾಟಿಸಿ, 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಹುಟ್ಟಿ, 1984ರಲ್ಲಿ ಅದು ಕೆಎಂಎಫ್ ಆಗಿ ಬೆಳೆದ ಮೇಲೆ ಊರ ಹಾಲೆಲ್ಲ ಡೈರಿಯ ದಾರಿ ಹಿಡಿಯಿತು. ದುಡ್ಡು ಬಂತು, ಹೆಂಗಸರ ಕೈಗೂ ಬಂತು, ಅದನ್ನು ಅಲ್ಲಗಳೆಯುವವನು ಬಟವಾಡೆಯ ದಿನ ಹಳ್ಳಿಯಲ್ಲಿ ನಿಂತು ನೋಡಿಲ್ಲ. ಬೆಳಗೆದ್ದು ಸೀಮೆಹಸುವಿನ ಹಾಲು ಕರೆದು, ಕ್ಯಾನು ಹಿಡಿದು ಸಾಲಿನಲ್ಲಿ ನಿಂತು, ಡಿಗ್ರಿ ಎಷ್ಟು ಬಂತು, ಫ್ಯಾಟು ಎಷ್ಟು ಬಂತು ಅಂತ ಚೀಟಿ ನೋಡುವುದು. ಫ್ಯಾಟು ಇಳಿದರೆ ಆ ದಿನ ಮನೆಯಲ್ಲಿ ಹಸುವಿಗೂ ಬೈಗುಳ, ಬೂಸಾ ಅಂಗಡಿಯವನಿಗೂ ಬೈಗುಳ. ಹಾಲಿನ ರೇಟು ಏರಿದ ವಾರವೇ ಬೂಸಾದ ರೇಟು ಏರುವುದು ಹೇಗೆ ಅನ್ನುವುದು ಅರ್ಥಶಾಸ್ತ್ರಜ್ಞರಿಗೆ ಬಿಟ್ಟ ವಿಚಾರ. ಇಷ್ಟು ಮಾಡಿ ಎಲ್ಲವನ್ನೂ ಡೈರಿಗೆ ಹಾಕಿ ಬಂದ ಮನೆಯಲ್ಲಿ, ಸಾಯಂಕಾಲ ನೆಂಟರು ಬಂದರೆ ಹುಡುಗನನ್ನು ಅಂಗಡಿಗೆ ಓಡಿಸಿ ಪ್ಯಾಕೆಟ್ ಮೊಸರು ತರಿಸುತ್ತಾರೆ. ಹಟ್ಟಿಯಲ್ಲಿ ಎರಡು ಹಸು, ಒಳಗೆ ಪ್ಯಾಕೆಟ್ ಮೊಸರು. ಪೌಷ್ಟಿಕತೆಯ ವಿಷಯದಲ್ಲಿ ಹಳ್ಳಿಗೂ ಲಗ್ಗೆರೆಗೂ ಈಗ ಭೇದವಿಲ್ಲ.

ಒಮ್ಮೊಮ್ಮೆ ಆ ಹಳ್ಳಿಮನೆಯ ಅಜ್ಜಿಗೆ ಕರುಳು ಚುರ್ ಅನ್ನುತ್ತದೆ. ಒಂದು ಹೊತ್ತಿನ ಹಾಲನ್ನು ಡೈರಿಗೆ ಹಾಕದೆ, ಕಾಯಿಸಿ ಆರಿಸಿ, ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿ, ಸೆರಗಲ್ಲಿ ಸುತ್ತಿ ಬಸ್ಸು ಹತ್ತುತ್ತಾಳೆ. ಸುಂಕದಕಟ್ಟೆಯಲ್ಲಿ ಇಳಿದು, ಆಟೊದವನ ಜೊತೆ ಜಗಳವಾಡಿ, ಲಗ್ಗೆರೆಯ ಮೂರನೇ ಮಹಡಿ ಹತ್ತಿ, ಏದುಸಿರು ಬಿಡುತ್ತಾ ಮೊಮ್ಮಗನಿಗೆ ಲೋಟ ತುಂಬಿ ಕೊಡುತ್ತಾಳೆ. ಎ2 ಅಲ್ಲ, ಟೋನ್ಡ್ ಅಲ್ಲ, ಜಿಎಸ್‌ಟಿ ಇಲ್ಲ, ಮೇಲೆ ಬೆರಳು ದಪ್ಪ ಕೆನೆ.

ಮೊಮ್ಮಗ ಮೂಗು ಮುಚ್ಚಿಕೊಂಡ. ‘ಅಮ್ಮಾ, ಇದು ಹಸು ವಾಸನೆ ಬರ್ತಿದೆ. ಪ್ಯಾಕೆಟ್ದು ಕೊಡು.’

‘ಅಯ್ಯೋ ನಿನ್ನ! ಹಸು ಹಾಲು ಇನ್ನೇನು ವಾಸ್ನೆ ಬರ್ಬೇಕಿತ್ತೋ’ ಅಂದ ಅಜ್ಜಿ, ಸೊಸೆಯ ಕಡೆ ತಿರುಗಿದಳು. ‘ಟೀ ಮಾಡವ್ವ ಇದ್ರಲ್ಲೇ, ಎಲ್ಲಾರಿಗೂ. ಡೈರಿಗೆ ಹಾಕಿದ್ರೆ ಎಪ್ಪತ್ತು ರೂಪಾಯಾದ್ರೂ ಬರ್ತಿತ್ತು.’